ಕಾರ್ಡ್ ಇದೆಯಲ್ಲ, ಎಲ್ಲಾ ಫ್ರೀ ಅಲ್ವಾ?

16 ನವೆಂಬರ್ 2025, ಭಾನುವಾರ

ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿದ್ದರು. ಬಿಪಿಎಲ್ ಕಾರ್ಡ್ ಇದೆಯಲ್ಲ, ಎಲ್ಲಾ ಫ್ರೀ ಅಂತೆ, ಮತ್ತೆ ಬಳೆ ಯಾಕೆ ಅಡ ಇಟ್ಟೆ ಅಂತ ಕೇಳಿದರು. ಬೈಯಲು ಕೇಳಿದ್ದಲ್ಲ ಬಿಡಿ. ಆದರೆ ನಮ್ಮ ಯಜಮಾನರು (ಇವರಿಗೆ ಬಾಯಿ ಕ್ಯಾನ್ಸರ್) ಪಕ್ಕದಲ್ಲೇ ಮಲಗಿದ್ದರು, ಫೋನಲ್ಲಿ ಬಿಡಿಸಿ ಹೇಳಲು ಆಗಲಿಲ್ಲ. ಇದೇ ಪ್ರಶ್ನೆಯನ್ನು ಊರಲ್ಲಿ ತುಂಬಾ ಜನ ಕೇಳಿದ್ದಾರೆ. ಇವತ್ತು ಕರೆಂಟ್ ಇಲ್ಲ (ರೇಡಿಯೇಷನ್‌ಗೆ ಇಲ್ಲಿ ಎಲ್ಲರೂ ಹಾಗೇ ಹೇಳುವುದು), ಸ್ವಲ್ಪ ಪುರುಸೊತ್ತಿದೆ, ಬರೆದುಬಿಡುತ್ತೇನೆ.

ಕಾರ್ಡ್ ಇಲ್ಲದಿದ್ದರೆ ನಮ್ಮ ಕಥೆ ಆಗಲೇ ಮುಗಿದಿರುತ್ತಿತ್ತು, ಅದು ನಿಜ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಫ್ರೀ ಇದೆ. ಎಪಿಎಲ್ ಆಗಿದ್ದರೆ ಪ್ಯಾಕೇಜ್ ರೇಟಿನಲ್ಲಿ ನೂರಕ್ಕೆ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ದಾವಣಗೆರೆಯ ಒಂದು ಪ್ರೈವೇಟ್ ಆಸ್ಪತ್ರೆಯಲ್ಲಿ ಬರೀ ಆಪರೇಷನ್ನಿಗೆ ಹೇಳಿದ ಮೊತ್ತ ಕೇಳಿ ಇವರು ಮಾತಾಡದೆ ಎದ್ದು ಹೊರಗೆ ಬಂದಿದ್ದರು. ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಬರೆಸಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದೆವು. ಕೆನ್ನೆ ಒಳಗಿನ ಗಡ್ಡೆ ತೆಗೆದರು, ಕುತ್ತಿಗೆಯ ಗಂಟುಗಳನ್ನೂ ತೆಗೆದರು, ಎದೆಯ ಮಾಂಸ ತಂದು ಕೆನ್ನೆಗೆ ಕೂರಿಸಿದರು. ನಮ್ಮ ಕೈಗೆ ಬಿಲ್ ಬರಲಿಲ್ಲ. ಈಗ 6 ವಾರ ಕರೆಂಟ್, ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ, ಅದೂ ಕಾರ್ಡಲ್ಲೇ.

ಆದರೆ ಕರೆಂಟ್ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಇರುತ್ತದೆ. ಮೆಷಿನ್ ಕೆಳಗೆ ಇರುವುದು ಹದಿನೈದು ನಿಮಿಷವೂ ಇಲ್ಲ, ಅಷ್ಟಕ್ಕೇ ದಿನಾ ದಾವಣಗೆರೆಯಿಂದ ಬಂದು ಹೋಗಲು ಆಗುತ್ತದಾ? ಅದಕ್ಕೆ ರೂಮು, ದಿನಕ್ಕೆ 500, ಅಡುಗೆ ಮಾಡಿಕೊಳ್ಳಲು ಬಿಡುತ್ತಾರೆ ಅನ್ನುವುದೇ ದೊಡ್ಡದು. ಅಲ್ಲಿ ಊರಲ್ಲಿ ಇವರು ಓಡಿಸುತ್ತಿದ್ದ ಗೂಡ್ಸ್ ಗಾಡಿ ಮನೆ ಮುಂದೆ ನಿಂತಿದೆ, ಅದರ ಕಂತು ಮಾತ್ರ ನಿಂತಿಲ್ಲ. ನಾನು ಅತಿಥಿ ಶಿಕ್ಷಕಿ. ಶಾಲೆಗೆ ಹೋಗದಿದ್ದರೆ ಗೌರವಧನ ಇಲ್ಲ. ನನ್ನ ಜಾಗಕ್ಕೆ ಈಗ ಬೇರೆಯವರು ಬಂದಿದ್ದಾರೆ, ಪಾಪ ಅವರಿಗೂ ಕೆಲಸ ಬೇಕಲ್ಲ. ಸಂಘದ ವಾರದ ಕಂತು ಬೇರೆ. ಗೃಹಲಕ್ಷ್ಮಿಯ 2000 ಬಂದ ತಿಂಗಳು ಅದು ಅಲ್ಲಿಗೇ ಹೋಗುತ್ತದೆ. ಕಾಯಿಲೆ ಏನು ಅಂತ ಗೊತ್ತಾಗುವ ಮೊದಲು ಊರಲ್ಲೇ ಮಾಡಿಸಿದ ಬಯಾಪ್ಸಿ, ಸ್ಕ್ಯಾನ್ ಎಲ್ಲಾ ನಮ್ಮ ಕೈಯಿಂದಲೇ ಆಗಿತ್ತು.

ಇನ್ನು ಊಟ. ಇದನ್ನು ಯಾರೂ ಖರ್ಚು ಅಂತ ಎಣಿಸುವುದೇ ಇಲ್ಲ, ಮನೆಯಲ್ಲಿದ್ದರೂ ತಿನ್ನಬೇಕಲ್ವಾ ಅನ್ನುತ್ತಾರೆ. ಇವರಿಗೆ ಮೂಗಿನಿಂದ ಹೊಟ್ಟೆಗೆ ಪೈಪ್ ಹಾಕಿದ್ದಾರೆ. ರಾಗಿ ಹಿಟ್ಟನ್ನು ಗಂಟಾಗದ ಹಾಗೆ ಕುದಿಸಿ, ಹಾಲು ಸೇರಿಸಿ, ಮಿಕ್ಸಿಯಲ್ಲಿ ತಿರುವಿ, ಪಂಚೆ ಬಟ್ಟೆಯಲ್ಲಿ ಸೋಸಬೇಕು. ಸಣ್ಣ ಗಂಟು ಉಳಿದರೂ ಪೈಪ್ ಕಟ್ಟಿಕೊಳ್ಳುತ್ತದೆ. ಎರಡು ಗಂಟೆಗೊಮ್ಮೆ ಕೂರಿಸಿ ಸಿರಿಂಜಿನಲ್ಲಿ ನಿಧಾನಕ್ಕೆ ಬಿಡಬೇಕು, ಕೊನೆಗೆ ನೀರು ಬಿಟ್ಟು ಪೈಪ್ ತೊಳೆಯಬೇಕು, ಆಮೇಲೂ ಸ್ವಲ್ಪ ಹೊತ್ತು ಮಲಗಿಸುವ ಹಾಗಿಲ್ಲ. ಒಂದು ಸಲ ಗಂಜಿ, ಇನ್ನೊಂದು ಸಲ ಬೇಳೆ ಕಟ್ಟು, ಮತ್ತೊಂದು ಸಲ ಮೊಟ್ಟೆ, ನಡುವೆ ಪ್ರೋಟೀನ್ ಪುಡಿ. ಆ ಪುಡಿಯ ಡಬ್ಬ ವಾರ ಕೂಡ ಬರುವುದಿಲ್ಲ. ಹಾಗಂತ ಕಡಿಮೆ ಮಾಡಲು ಆಗುವುದಿಲ್ಲ. ಕರೆಂಟ್ ಕೊಡುವಾಗ ತಲೆ ಅಲ್ಲಾಡಬಾರದು ಅಂತ ಮುಖದ ಅಚ್ಚು ತೆಗೆದು ಒಂದು ಮಾಸ್ಕ್ ಮಾಡಿರುತ್ತಾರೆ. ತೂಕ ಇಳಿದು ಮುಖ ಸೊರಗಿದರೆ ಆ ಮಾಸ್ಕ್ ಸಡಿಲ ಆಗುತ್ತದೆ, ಮತ್ತೆ ಅಚ್ಚು ತೆಗೆಯಬೇಕಾಗಬಹುದು. ಟ್ರೀಟ್‌ಮೆಂಟ್ ನಡುವೆ ಗ್ಯಾಪ್ ಬೀಳಬಾರದು ಅಂತ ಡಾಕ್ಟರ್ ಮೊದಲ ದಿನವೇ ಹೇಳಿದ್ದಾರೆ. ಬಾಯಿ ತುಂಬಾ ಹುಣ್ಣು, ಉಪ್ಪು ಸೋಡಾ ನೀರು ಮುಕ್ಕಳಿಸಲೂ ಅಳುತ್ತಾರೆ. ಈಗ ಹೇಳಿ, ಗಂಜಿ ಔಷಧ ಅಲ್ವಾ? ಬಳೆ ಹೋಗಿದ್ದು ರೂಮಿಗೆ, ಕಂತಿಗೆ, ಈ ಗಂಜಿಗೆ.

ಅಣ್ಣನ ಮಗ ಒಂದು ಐಡಿಯಾ ಕೊಟ್ಟ. ಮಕ್ಕಳ ಜೊತೆ ಇವರ ಫೋಟೋ ಹಾಕಿ ಆನ್‌ಲೈನಲ್ಲಿ ದುಡ್ಡು ಕೇಳೋಣ, ಮಕ್ಕಳು ಅಳುತ್ತಿದ್ದರೆ ಜಾಸ್ತಿ ಬರುತ್ತದೆ ಅಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಬೇಡ ಅಂದೆ. ಮಾಡಿದವರನ್ನು ತಪ್ಪು ಅನ್ನುವುದಿಲ್ಲ, ನಾಳೆ ನಾನೂ ಮಾಡಬಹುದು. ಆದರೆ ಮಗಳು ಎರಡನೇ ಕ್ಲಾಸು, ಫೋನ್ ನೋಡುವುದು ನನಗಿಂತ ಚೆನ್ನಾಗಿ ಗೊತ್ತು. ವಿಡಿಯೋ ಕಾಲಲ್ಲಿ ಇವರು ಮುಖ ತೋರಿಸುವುದೇ ಇಲ್ಲ. ಮೊನ್ನೆ ಅವಳು, ಅಮ್ಮಾ ಪೈಪಲ್ಲಿ ಐಸ್‌ಕ್ರೀಮ್ ಬಿಟ್ಟರೆ ಅಪ್ಪನಿಗೆ ರುಚಿ ಗೊತ್ತಾಗುತ್ತಾ ಅಂತ ಕೇಳಿದಳು. ಹೊಟ್ಟೆ ತಣ್ಣಗಾಗುತ್ತೆ ಪುಟ್ಟಿ ಅಂದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಎಂಎಲ್‌ಎ ಲೆಟರ್ ಹಿಡಿದು ಅರ್ಜಿ ಹಾಕು ಅಂತಲೂ ಕೆಲವರು ಹೇಳಿದರು. ಅದಕ್ಕೆ ಆಸ್ಪತ್ರೆ ಬಿಲ್ ಬೇಕು. ನಮ್ಮದು ಹಾಲು, ಮೊಟ್ಟೆ, ಬಾಡಿಗೆ. ಬಿಲ್ ಎಲ್ಲಿಂದ ತರಲಿ?

ಗೊತ್ತಿಲ್ಲದವರಿಗೆ ಒಂದು ವಿಷಯ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಲ್ಲಿ ಪೂರ್ತಿ ಫ್ರೀ, ಜೊತೆಗೆ ಹೋಗುವ ಒಬ್ಬರಿಗೆ ಟಿಕೆಟ್ಟಿನಲ್ಲಿ ನೂರಕ್ಕೆ 75 ಕಡಿಮೆ. ರೈಲ್ವೆ ಫಾರಂನಲ್ಲಿ ಆಸ್ಪತ್ರೆಯ ಸಹಿ, ಸೀಲು ಬೇಕು. ನಾನೊಬ್ಬಳೇ ಮಕ್ಕಳನ್ನು ನೋಡಲು ಹೋಗುವಾಗ ಶಕ್ತಿ ಯೋಜನೆ ಇದೆ, ಕೆಂಪು ಬಸ್ಸು, ಆಧಾರ್ ತೋರಿಸಿದರೆ ಆಯಿತು. ಆಗ ಮೈದುನ ಬಂದು ಇಲ್ಲಿ ಇರುತ್ತಾನೆ, ಗಂಜಿ ಸೋಸುವುದನ್ನೂ ಕಲಿತಿದ್ದಾನೆ.

2013ರಲ್ಲೇ ನಮ್ಮ ರಾಜ್ಯದಲ್ಲಿ ಗುಟ್ಕಾ ಬ್ಯಾನ್ ಆಗಿದೆ. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಅಂಗಡಿಯವನೇ ಎರಡನ್ನೂ ಜೊತೆಗೆ ಕೊಡುತ್ತಾನೆ, ಕೈಯಲ್ಲಿ ಕಲಸಿ ಹಾಕಿಕೊಳ್ಳುವುದು. ನಿದ್ದೆ ಬರಬಾರದು ಅಂತ ಇವರು ರಾತ್ರಿ ಲೋಡಿಗೆ ಹೋಗುವಾಗ ಶುರು ಮಾಡಿದ್ದಂತೆ. ಇದನ್ನು ಬರೆಯಬೇಡ ಅಂದಿದ್ದರು. ಮಧ್ಯಾಹ್ನ ಅವರೇ ನೋಟ್‌ಬುಕ್ಕಲ್ಲಿ "ಬರಿ" ಅಂತ ಬರೆದು ತೋರಿಸಿದರು.

ಈಗ ಮುಖ್ಯವಾಗಿ ಬೇಕಾಗಿರುವುದು ಗಾಡಿಗೆ ಡ್ರೈವರ್. ದಾವಣಗೆರೆಯಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ. ಲೈಸೆನ್ಸ್ ಇರಬೇಕು, ಡೀಸೆಲ್ ಕಳೆದು ಉಳಿದ ಬಾಡಿಗೆಯಲ್ಲಿ ಅರ್ಧ ಅವರಿಗೆ, ಅರ್ಧ ಕಂತಿಗೆ. ಗುಟ್ಕಾ ಹಾಕದವರನ್ನೇ ಹುಡುಕು ಅಂತ ಇವರ ಕಂಡಿಷನ್.