ಸುಡಬೇಕೋ ಬೇಡವೋ

ಗೆಳತಿಯ ಮನೆಯಲ್ಲಿ ಒಂದು ಬಟ್ಟಲು ನೋಡಿದ್ದೆ. ಬೂದಿ ಬಣ್ಣ, ಅಂಚಿನಲ್ಲಿ ಒಂದಿಷ್ಟು ಹಸಿರು, ತಳದ ಹತ್ತಿರ ಯಾರದೋ ಹೆಬ್ಬೆರಳಿನ ಗುರುತು. ಅದರ ಮೇಲೆ ನನ್ನ ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂತಿತು. ಮಾಡಿದವರನ್ನು ನೋಡಲೇಬೇಕು ಅನ್ನಿಸಿತು. ಆರೋವಿಲ್ ಪಕ್ಕದ ಹಳ್ಳಿಯ ಹುಡುಗಿ, 27 ವರ್ಷ ಅಂತ ಗೆಳತಿ ಹೇಳಿದಳು. ಮುಂದಿನ ವಾರವೇ ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದೆ. ಬೆಳಗಾಗುವಷ್ಟರಲ್ಲಿ ಪುದುಚೇರಿ.

ಆಟೋ ಮುಖ್ಯರಸ್ತೆ ಬಿಟ್ಟ ಕೂಡಲೇ ಕೆಂಪು ಮಣ್ಣು ಶುರುವಾಯಿತು. ಎರಡೂ ಕಡೆ ಗೋಡಂಬಿ ತೋಪು. ಕೊನೆಗೆ ಹೆಂಚು ಹೊದಿಸಿದ ಒಂದು ಚಪ್ಪರ, ಎರಡು ತಿಗರಿ, ಗೋಡೆ ತುಂಬ ಹಲಗೆ. ಹಲಗೆಗಳ ಮೇಲೆ ಇನ್ನೂ ಸುಡದ ಲೋಟ, ಬೋಗುಣಿ, ತಟ್ಟೆ.

ಈ ಭಾಗದಲ್ಲಿ ಗ್ಲೇಝ್, ಅಂದರೆ ಗಾಜಿನಂಥ ಲೇಪ, ಹಾಕಿದ ಗಟ್ಟಿ ಪಾತ್ರೆಗಳ ಕಥೆ ಕೇಳಿದರೆ ಅದು 1971ಕ್ಕೆ ಹೋಗಿ ನಿಲ್ಲುತ್ತದೆ. ಅಮೆರಿಕದಿಂದ ಬಂದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಆ ವರ್ಷ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದರು. ಡೆಬೊರಾ ಅದಕ್ಕೂ ಮುಂಚೆ ಜಪಾನಿನಲ್ಲಿ ಕೆಲಸ ಕಲಿತಿದ್ದವರು. ಈ ಹುಡುಗಿಗೆ ಕಲಿಸಿದವರು ಅಲ್ಲಿಯೇ ಕಲಿತವರಂತೆ. ಆದರೆ ಅವಳ ತಾತ ಊರು ಕಾಯುವ ದೇವರು ಅಯ್ಯನಾರ್ ಗುಡಿಗೆ ಮಣ್ಣಿನ ಕುದುರೆ ಮಾಡುತ್ತಿದ್ದರು. ಎರಡೂ ಅವಳ ಕೈಯಲ್ಲಿ ಇವೆ.

ನಾನು ಹೋದಾಗ ಅವಳು ಮಣ್ಣು ನಾದುತ್ತಿದ್ದಳು. ಮಾತಿಲ್ಲ. ಮುದ್ದೆಯನ್ನು ಒತ್ತಿ, ತಿರುಗಿಸಿ, ಮತ್ತೆ ಒತ್ತಿ. ಒಳಗೆ ಗಾಳಿ ಉಳಿಯಬಾರದು. ಆಮೇಲೆ ತಿಗರಿಯ ನಡುವೆ ಇಟ್ಟು ಒಂದು ಬೋಗುಣಿ ಎತ್ತಿದಳು. ಎರಡು ನಿಮಿಷವೂ ಆಗಿರಲಿಲ್ಲ, ಅಷ್ಟು ಚೆಂದದ ಬೋಗುಣಿ. ದಾರದಿಂದ ತಳ ಕತ್ತರಿಸಿ, ಒಂದು ಸಲ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮತ್ತೆ ಮುದ್ದೆ ಮಾಡಿ, ಹಳೆ ಮಣ್ಣಿನ ಬಕೆಟ್ಟಿಗೆ ಹಾಕಿಬಿಟ್ಟಳು.

ನನಗೆ ಎದೆ ಧಸಕ್ಕೆಂದಿತು. ‘ಯಾಕಮ್ಮಾ?’

‘ದಿನದ ಮೊದಲನೇದು ಮಣ್ಣಿಗೇ ಅಕ್ಕಾ. ಇಟ್ಟುಕೊಳ್ಳೋದಿಲ್ಲ.’

ಇದೇ ಅವಳ ಪೂಜೆ. ಚಪ್ಪರದಲ್ಲಿ ದೇವರ ಪಟ ಒಂದೂ ಇರಲಿಲ್ಲ, ಊದುಬತ್ತಿಯೂ ಇಲ್ಲ. ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಹಸಿ ಪಾತ್ರೆಯನ್ನು ಎಷ್ಟು ಸಲ ಬೇಕಾದರೂ ಮಣ್ಣು ಮಾಡಬಹುದು. ಸುಮಾರು 600 ಡಿಗ್ರಿ ದಾಟಿತೋ, ಮಣ್ಣಿನ ಒಳಗೇ ಸೇರಿಕೊಂಡ ನೀರು ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಮಣ್ಣಾಗುವುದಿಲ್ಲ. ಅವಳು ಮೊದಲ ಸಲ ಸುಡುವುದು ಸುಮಾರು 1000 ಡಿಗ್ರಿಗೆ. ಗ್ಲೇಝ್ ಹಾಕಿ ಎರಡನೇ ಸಲ ಸುಟ್ಟಾಗ 1250 ದಾಟುತ್ತದೆ. ಆ ಬಿಸಿಗೆ ಸೌದೆಯ ಬೂದಿಯೂ ಕರಗಿ ಗಾಜಾಗುತ್ತದೆ. ಗೆಳತಿಯ ಬಟ್ಟಲಿನ ಹಸಿರು ಹಾಗೆ ಬಂದದ್ದು.

‘ಕಲ್ಲು ಮಣ್ಣಾಗೋಕೆ ಎಷ್ಟು ಲಕ್ಷ ವರ್ಷ ಬೇಕು! ನಾನು ಒಂದೇ ರಾತ್ರಿಯಲ್ಲಿ ಅದನ್ನ ವಾಪಸ್ ಕಲ್ಲು ಮಾಡ್ತೀನಿ. ಅದಕ್ಕೇ ಪ್ರತಿ ಪಾತ್ರೆ ಹಿಡ್ಕೊಂಡು ಕೇಳ್ಕೋತೀನಿ, ಇದು ಉಳೀಲೇಬೇಕಾ ಅಂತ.’

ಸಂತೆಗೆ ನೂರು ಲೋಟ ಮಾಡುವವರು ಇಷ್ಟು ಯೋಚಿಸಿದರೆ ಹೊಟ್ಟೆ ತುಂಬೀತೇ ಅಂತ ನನಗೆ ಅನ್ನಿಸದೆ ಇರಲಿಲ್ಲ. ಅದನ್ನೂ ಕೇಳಿದೆ. ‘ತಾತ ದಿನಕ್ಕೆ ಅಷ್ಟೊಂದು ಮಡಕೆ ಮಾಡ್ತಿದ್ರು. ಆದ್ರೆ ಅವೆಲ್ಲ ಬೇಕಾಗಿದ್ವು. ಊರಿಗೆ ನೀರು ಬೇಕಿತ್ತಲ್ಲ’ ಅಂದಳು.

ಸುಟ್ಟ ಬಟ್ಟಲೊಂದನ್ನು ಬೆರಳ ತುದಿಯಲ್ಲಿ ಕೂರಿಸಿ ತಟ್ಟಿದಳು. ಠಣ್ ಅಂತ ಉದ್ದನೆಯ ನಾದ. ಬಿರುಕು ಇದ್ದರೆ ದನಿ ಸತ್ತುಹೋಗುತ್ತದೆ. ನನಗೆ ನಮ್ಮ ಕುಂಬಾರ ಗುಂಡಯ್ಯ ನೆನಪಾದ. ಮಡಕೆ ತಟ್ಟುತ್ತಾ ಮೈಮರೆತು ಕುಣಿದರೆ ಶಿವನೇ ಬಂದು ಕುಣಿದನಂತೆ, ಹರಿಹರ ಆ ಕಥೆ ಹಾಡಿದ್ದಾನೆ ಅಂತ ಹೇಳಿದೆ. ಅವಳ ಮುಖ ಅರಳಿತು. ‘ನಮ್ಮಲ್ಲೂ ಇದ್ದಾರೆ ಅಕ್ಕಾ, ಚಿದಂಬರದ ತಿರುನೀಲಕಂಠರು. ಶಿವಭಕ್ತರಿಗೆ ಭಿಕ್ಷೆಯ ಬಟ್ಟಲು ಮಾಡಿ ಕೊಡ್ತಿದ್ದ ಕುಂಬಾರರು.’ ಅರವತ್ಮೂರು ಪುರಾತನ ಶಿವಭಕ್ತರಲ್ಲಿ ಒಬ್ಬರು. ಬಹಳ ಹೊತ್ತು ಇಬ್ಬರೂ ಇವರಿಬ್ಬರ ಬಗ್ಗೆಯೇ ಮಾತಾಡಿದೆವು.

ಮಧ್ಯಾಹ್ನ ನನ್ನನ್ನೂ ತಿಗರಿಯ ಮುಂದೆ ಕೂರಿಸಿದಳು. ಮುದ್ದೆಯನ್ನು ನಡುವಿಗೆ ತರುವುದೇ ಕಷ್ಟ. ಬಲ ಹಾಕಿದಷ್ಟೂ ಅದು ಓಲಾಡುತ್ತದೆ. ‘ಉಸಿರು ಬಿಡಿ, ಮೊಣಕೈ ತೊಡೆಗೆ ಒತ್ತಿ ಇಡಿ’ ಅಂದಳು. ಹಾಗೆ ಮಾಡಿದ ಮೇಲೆ ಮಣ್ಣು ಸುಮ್ಮನಾಯಿತು. ಸಂಜೆಗೆ ಒಂದು ದಪ್ಪ ಅಂಚಿನ ಬಟ್ಟಲು ಆಯಿತು. ‘ಸುಡೋದಾ ಬೇಡ್ವಾ, ನಾಳೆ ಹೇಳಿ’ ಅಂತ ಹಲಗೆ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಹಳೆಯ ಕಾಲದ ಬಂದರು ಅರಿಕಮೇಡಿಗೆ ಹೋದೆ. ಪುದುಚೇರಿಯಿಂದ ದಕ್ಷಿಣಕ್ಕೆ ನಾಲ್ಕೇ ಕಿಲೋಮೀಟರ್, ಅರಿಯಾಂಕುಪ್ಪಂ ನದಿಯ ದಡ. ನೋಡಲು ಜಾಸ್ತಿ ಏನಿಲ್ಲ. ಮರಗಳು, 18ನೇ ಶತಮಾನದ ಒಂದು ಪಾಳು ಕಟ್ಟಡದ ಇಟ್ಟಿಗೆ ಗೋಡೆಗಳು. ಆದರೆ 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ರೋಮ್ ಕಾಲದ ಮಡಕೆ ಚೂರುಗಳು ಸಿಕ್ಕವು. ಹಡಗಿನಲ್ಲಿ ದ್ರಾಕ್ಷಾರಸ ತಂದ ಹೂಜಿಗಳು. ಇಟಲಿಯ ಅರೆಟ್ಸೊ ಕಡೆಯ ಕೆಂಪು ತಟ್ಟೆಗಳು, ಕೆಲವದರ ಮೇಲೆ ಮಾಡಿದವರ ಮುದ್ರೆ. ಎರಡು ವರ್ಷದ ನಂತರ ಅವರೇ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ ಅಗೆಸಿದರು. ಅಲ್ಲಿನ ಮಣ್ಣಿನ ಪದರಗಳ ಕಾಲ ಗೊತ್ತು ಮಾಡಲು ಆಸರೆಯಾದದ್ದು ಅರಿಕಮೇಡಿನ ಇದೇ ಚೂರುಗಳು.

ಚೂರುಗಳನ್ನು ಪುದುಚೇರಿ ಮ್ಯೂಸಿಯಮ್ಮಿನಲ್ಲಿ ನೋಡಿದೆ. ಗಾಜಿನ ಆಚೆ ಒಂದು ಹೂಜಿಯ ಹಿಡಿ. ಅದನ್ನು ಹಿಡಿದು ಹೊತ್ತವರು ಹೋಗಿ ಎರಡು ಸಾವಿರ ವರ್ಷ. ಹಡಗು ಹೋಯಿತು, ಬಂದರು ಹೋಯಿತು, ರಸವೂ ಹೋಯಿತು. ಹಿಡಿ ಉಳಿಯಿತು. ಆಗ ನನ್ನ ದಪ್ಪ ಅಂಚಿನ ಬಟ್ಟಲು ಕಣ್ಣ ಮುಂದೆ ಬಂತು.

ಸಂಜೆ ಚಪ್ಪರಕ್ಕೆ ಹೋಗಿ, ಬೇಡ ಅಂದೆ. ಬಟ್ಟಲು ಎತ್ತಿ ಬಕೆಟ್ಟಿಗೆ ಹಾಕಲು ಹೋದರೆ ಅವಳು ತಡೆದಳು.

‘ಈಗಲ್ಲ ಅಕ್ಕಾ. ಇನ್ನೂ ಪಸೆ ಇದೆ. ಅರ್ಧ ಒಣಗಿದ್ದು ನೀರಿಗೆ ಹಾಕಿದ್ರೆ ಗಟ್ಟಿಯಾಗೇ ಕೂತ್ಕೊಳ್ಳತ್ತೆ. ಪೂರ್ತಿ ಒಣಗಲಿ, ಆಗ ತಾನೇ ಬಿಟ್ಟುಕೊಡತ್ತೆ.’

ನಾಲ್ಕು ದಿನದ ಮೇಲೆ ಫೋನಿಗೆ ಒಂದು ಚಿಕ್ಕ ವಿಡಿಯೋ ಬಂತು. ಬಕೆಟ್ಟಿನ ನೀರಲ್ಲಿ ನನ್ನ ಬಟ್ಟಲು. ಮೊದಲು ಸಣ್ಣ ಗುಳ್ಳೆಗಳು, ಆಮೇಲೆ ಗುಳುಗುಳು ಸದ್ದು. ಒಂದು ಕಡೆಯ ಅಂಚು ಜಾರಿತು, ಇನ್ನೊಂದು ಕಡೆಯದು ಅದರ ಮೇಲೆ ಕುಸಿಯಿತು. ನೀರು ಕೆಸರಾಗಿ ಕಲಕಿತು. ಕೊನೆಯಲ್ಲಿ ಅವಳ ಕೈ ಬಂದು ಆ ಕೆಸರನ್ನು ಒಂದು ಸುತ್ತು ತಿರುಗಿಸಿತು.