ಹೊಗೆ ನಿಂತ ವರ್ಷ: 1862ರ ಮ್ಯಾಂಚೆಸ್ಟರ್ ಹುಡುಕ್ಕೊಂಡು

ಮ್ಯಾಂಚೆಸ್ಟರ್‌ಗೆ ಹೋಗೋರು ಜಾಸ್ತಿ ಫುಟ್‌ಬಾಲ್ ಸ್ಟೇಡಿಯಂ ನೋಡೋಕೆ ಹೋಗ್ತಾರೆ, ಅದೂ ನೋಡಬೇಕಾದ್ದೇ, ಆದ್ರೆ ನಾನು ಹೋಗಿದ್ದು 1862ನೇ ಇಸವಿ ಹುಡುಕ್ಕೊಂಡು. ಜೊತೆಗೆ ನಮ್ಮ ಕಾಕಾ ಇದ್ರು, ಗದಗದ ಹತ್ತಿ ಅಡತಿ ಅಂಗಡಿಯಲ್ಲೇ ಆಯುಷ್ಯ ಕಳೆದವರು, ಅವರ ಮಗಳು ಸ್ಟಾಕ್‌ಪೋರ್ಟ್‌ನಲ್ಲಿ ಇರೋದ್ರಿಂದ ಅಲ್ಲೇ ಇಳ್ಕೊಂಡು ದಿನಾ ಬೆಳಿಗ್ಗೆ ಟ್ರೇನಲ್ಲಿ ಸಿಟಿಗೆ ಬರ್ತಿದ್ವಿ. ಈ ಊರಿನ ಬಗ್ಗೆ ನಾವೆಲ್ಲ ಸ್ಕೂಲಲ್ಲಿ ಓದಿದ್ದು ಒಂದೇ ಥರ, ಹಬೆ ಯಂತ್ರ ಬಂತು, ಗಿರಣಿ ಬಂತು, ಊರು ಬೆಳೀತು, ಅಷ್ಟೇ. ನಿಜ, 1801ರಲ್ಲಿ ಮುಕ್ಕಾಲು ಲಕ್ಷದ ಆಸುಪಾಸು ಜನ ಇದ್ದ ಊರು 1851ಕ್ಕೆ ಮೂರು ಲಕ್ಷ ದಾಟಿತ್ತು, 1853ರಲ್ಲಿ ಸಿಟಿ ಅನ್ನೋ ಪಟ್ಟನೂ ಸಿಕ್ತು. ಆದ್ರೆ ಮಿಲ್ಲು ಓಡ್ತಿರೋವಾಗ ಅದು ಯಾರ ದುಡಿಮೆ ಮೇಲೆ ಓಡ್ತಿದೆ ಅಂತ ಯಾರೂ ಕೇಳಲ್ಲ, ನಿಂತಾಗ ಎಲ್ಲರೂ ಕೇಳಲೇಬೇಕಾಗುತ್ತೆ. 1862ರಲ್ಲಿ ಅದು ನಿಂತಿತ್ತು, ಅದಕ್ಕೇ ನನಗೆ ಆ ವರ್ಷ ಮುಖ್ಯ.

ಮೊದಲು ಹೋಗಿದ್ದು ಆನ್‌ಕೋಟ್ಸ್ ಏರಿಯಾಗೆ, ಪಿಕಾಡಿಲಿ ಸ್ಟೇಷನ್‌ನಿಂದ ಆರಾಮಾಗಿ ನಡ್ಕೊಂಡೇ ಹೋಗಬಹುದು. ರೋಚ್‌ಡೇಲ್ ಕಾಲುವೆ ಪಕ್ಕ ರೆಡ್‌ಹಿಲ್ ಸ್ಟ್ರೀಟ್ ಅಂತ ಒಂದು ರಸ್ತೆ, ಅದರ ಉದ್ದಕ್ಕೂ ಕೆಂಪು ಇಟ್ಟಿಗೆಯ ಗಿರಣಿಗಳು ಒಂದಕ್ಕೊಂದು ಅಂಟ್ಕೊಂಡು ನಿಂತಿವೆ. ಮರ್ರೆ ಅಣ್ಣತಮ್ಮಂದಿರ ಮಿಲ್ಲಿನ ಹಳೇ ಭಾಗ 1798ರದ್ದು, ಹಬೆಯಿಂದಲೇ ನಡೀಲಿ ಅಂತ ಕಟ್ಟಿದ್ದು, ಪಕ್ಕದ ಸೆಜ್‌ವಿಕ್ ಮಿಲ್ 1818ರಲ್ಲಿ ಶುರುವಾಗಿದ್ದು, ಎಂಟು ಅಂತಸ್ತು. ಮರ್ರೆ ಮಿಲ್ಲಿನ ಅಂಗಳದ ಒಳಗೇ ಒಂದು ನೀರಿನ ಕೊಳ ಇದೆ, ರಸ್ತೆ ಕೆಳಗಿನ ಸುರಂಗದಿಂದ ಅದು ಕಾಲುವೆಗೆ ಸೇರ್ತಿತ್ತು, ಅಂದ್ರೆ ಕಲ್ಲಿದ್ದಲಿನ ದೋಣಿ ಸೀದಾ ಗಿರಣಿ ಹೊಟ್ಟೆಯೊಳಗೇ ಬರೋದು. ಈಗ ಇವೆಲ್ಲ ಅಪಾರ್ಟ್‌ಮೆಂಟು, ಕೆಳಗೆ ಕಾಫಿ ಶಾಪು, ಕಿಟಕಿಗಳಲ್ಲಿ ಗಿಡದ ಕುಂಡ. ಕಾಕಾ ಕತ್ತೆತ್ತಿ ಅಂತಸ್ತು ಎಣಿಸ್ತಾ ನಿಂತುಬಿಟ್ರು. "ತಮ್ಮಾ, ಇಷ್ಟೂ ಮಹಡಿಗೆ ಹತ್ತಿ ಎಲ್ಲಿಂದ ತಂದ ಹಾಕತಿದ್ರಪಾ ಇವರು?" ಅಂದ್ರು, ಇಡೀ ಪ್ರವಾಸದ ಪ್ರಶ್ನೆನೇ ಅದು.

ಆ ಪ್ರಶ್ನೆಗೆ ಉತ್ತರ, ಅಮೆರಿಕಾ. ಅಲ್ಲಿನ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧಕ್ಕೆ ಮುಂಚೆ ಬ್ರಿಟನ್ ಗಿರಣಿಗಳಿಗೆ ಬರ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಅಮೆರಿಕಾದ ದಕ್ಷಿಣ ರಾಜ್ಯಗಳದ್ದು, ಬೆಳೀತಿದ್ದವರು, ಬಿಡಿಸ್ತಿದ್ದವರು ಗುಲಾಮರು. ಹಡಗಲ್ಲಿ ಲಿವರ್‌ಪೂಲ್‌ಗೆ, ಅಲ್ಲಿಂದ ರೈಲಲ್ಲಿ ಇಲ್ಲಿಗೆ. ಆ ರೈಲಿನ ಸ್ಟೇಷನ್ ಇನ್ನೂ ಇದೆ, ಲಿವರ್‌ಪೂಲ್ ರೋಡ್ ಸ್ಟೇಷನ್, ಸೆಪ್ಟೆಂಬರ್ 15, 1830ರಂದು ಶುರುವಾಗಿದ್ದು, ಎದುರಿಗೇ ಅದೇ ವರ್ಷದ ಗೋದಾಮು. ಈಗ ಇದೆಲ್ಲ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ. 1859ರಲ್ಲಿ ಸಾರಾ ಪಾರ್ಕರ್ ರೆಮಂಡ್ ಅನ್ನೋ ಕಪ್ಪು ಅಮೆರಿಕನ್ ಹೆಣ್ಣುಮಗಳು ಈ ಊರಿಗೇ ಬಂದು, ನೀವು ಹತ್ತಿಗೆ ಕೊಡೋ ದುಡ್ಡಲ್ಲಿ ಒಂದು ಬಿಡಿಗಾಸೂ ಅದನ್ನ ಬೆಳೆದ ಕೈಗೆ ಮುಟ್ಟಲ್ಲ ಅಂತ ಭಾಷಣ ಮಾಡಿ ಹೋಗಿದ್ರು. ಯುದ್ಧ ಶುರುವಾಗಿದ್ದು 1861ರ ಏಪ್ರಿಲ್‌ನಲ್ಲಿ, ಅಂದ್ರೆ ಊರಿಗೆ ವಿಷಯ ಗೊತ್ತಿರ್ಲಿಲ್ಲ ಅನ್ನೋ ಹಾಗಿರ್ಲಿಲ್ಲ.

ಮ್ಯೂಸಿಯಂನ ಟೆಕ್ಸ್‌ಟೈಲ್ ಗ್ಯಾಲರಿಯಲ್ಲಿ ಹಳೇ ಮಷೀನು ಓಡಿಸಿ ತೋರಿಸ್ತಾರೆ. ಒಂದೇ ಮಗ್ಗ ಓಡಿದ್ರೂ ಪಕ್ಕದವರ ಮಾತು ಕೇಳಲ್ಲ, ಅಂಥವು ನೂರಾರು ಒಂದೇ ಹಾಲಲ್ಲಿ ಅಂದ್ರೆ ಊಹಿಸಿ, ಅದಕ್ಕೇ ನೇಕಾರ ಹೆಂಗಸರು ತುಟಿ ನೋಡಿ ಮಾತಾಡೋದು ಕಲಿತಿದ್ರು. ಅಲ್ಲಿ ಮುಟ್ಟಿ ನೋಡಿ ಅಂತ ಕೊಟ್ಟ ಹತ್ತಿನ ಕಾಕಾ ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸ್ವಲ್ಪ ಸ್ವಲ್ಪನೇ ಎಳೆದ್ರು, ಬಿಡಿಸಿ ಮತ್ತೆ ಎಳೆದ್ರು, ಅಡತಿ ಅಂಗಡೀಲಿ ಮಾಲು ನೋಡೋದು ಹಾಗೇ. "ಎಳಿ ಉದ್ದ ಐತಿ. ನಮ್ಮ ಜಯಧರಕ್ಕ ಇಷ್ಟ ಬರೂದಿಲ್ಲ" ಅಂದ್ರು, ಜಯಧರ ಅಂದ್ರೆ ನಮ್ಮ ಕಡೆಯ ಒಂದು ಹತ್ತಿ ತಳಿ. ಡೆಮೋ ಮಾಡ್ತಿದ್ದ ಹುಡುಗಿಗೆ ನಾನು ಅದನ್ನ ಇಂಗ್ಲಿಷಲ್ಲಿ ಹೇಳಿದಾಗ ಅವಳಿಗೆ ತುಂಬಾ ಖುಷಿಯಾಯ್ತು, ಆ ಎಳೆ ಉದ್ದದ ವಿಷಯನೇ 1862ರ ಕಷ್ಟದ ಅರ್ಧ ಅಂತ ಹೇಳಿ ಇನ್ನಷ್ಟು ವಿವರಿಸಿದ್ಲು.

ವರ್ಷ ಹೇಗೆ ನಡೀತು ಅಂದ್ರೆ, ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ರೂ ಮ್ಯಾಂಚೆಸ್ಟರ್‌ಗೆ ಪೆಟ್ಟು ತಕ್ಷಣ ಬೀಳ್ಲಿಲ್ಲ. 1860ರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಬಟ್ಟೆ ನೇಯ್ದು ಗೋದಾಮು ತುಂಬಿಸಿಟ್ಟಿದ್ರು, ಹಾಗಾಗಿ ರೇಟು ಏರಿದ್ದು ಸ್ಟಾಕ್ ಇಟ್ಕೊಂಡಿದ್ದ ವ್ಯಾಪಾರಿಗಳಿಗೆ ಲಾಭನೇ ಆಯ್ತು, ಕೆಲವರು ಇದ್ದ ಹತ್ತಿನೂ ಗಿರಣಿಗೆ ಹಾಕದೆ ರೇಟಿಗೆ ಕಾಯ್ತಾ ಕೂತ್ರು. ಈ ಭಾಗ ನನಗೆ ಓದಿದಷ್ಟೂ ಸಿಟ್ಟು ಬರೋ ಭಾಗ. ಆಮೇಲೆ ಗಿರಣಿಗಳು ವಾರಕ್ಕೆ ಮೂರು ನಾಲ್ಕು ದಿನಕ್ಕಿಳಿದವು, ಆಮೇಲೆ ಪೂರ್ತಿ ಬಾಗಿಲು ಹಾಕಿದವು. ಮ್ಯಾಂಚೆಸ್ಟರ್‌ಗಿಂತ ಸುತ್ತಲಿನ ಆಷ್ಟನ್, ಸ್ಟೇಲಿಬ್ರಿಡ್ಜ್, ಪ್ರೆಸ್ಟನ್, ಬ್ಲ್ಯಾಕ್‌ಬರ್ನ್‌ಗಳಿಗೆ ಇನ್ನೂ ಜಾಸ್ತಿ ಹೊಡೆತ, ಯಾಕಂದ್ರೆ ಅಲ್ಲಿ ಹತ್ತಿ ಬಿಟ್ರೆ ಬೇರೆ ಕೆಲಸನೇ ಇರ್ಲಿಲ್ಲ. ಜನ ಮೊದಲು ಉಳಿತಾಯದ ದುಡ್ಡು ತೆಗೆದ್ರು, ಆಮೇಲೆ ಗಡಿಯಾರ, ಕುರ್ಚಿ, ಹಾಸಿಗೆ ಎಲ್ಲ ಅಡ ಇಟ್ರು, ಕೊನೆಗೆ ಪರಿಹಾರದ ಲೈನಿಗೆ ಬಂದ್ರು. 1862ರ ಡಿಸೆಂಬರ್ ಹೊತ್ತಿಗೆ ಮ್ಯಾಂಚೆಸ್ಟರ್ ಆಗ ಸೇರಿದ್ದ ಲ್ಯಾಂಕಾಶೈರ್ ಜಿಲ್ಲೆಯ ಸುತ್ತಮುತ್ತ ಐದು ಲಕ್ಷದ ಹತ್ತಿರ ಜನ ಪರಿಹಾರದ ಮೇಲೆ ಬದುಕ್ತಿದ್ರು. ನೂಲೋ ಕೈಗಳಿಗೆ ಕಲ್ಲು ಒಡೆಯೋ ಕೆಲಸ ಕೊಟ್ಟು, ಒಡೆದ್ರೆ ಮಾತ್ರ ಕಾಸು ಅಂದ್ರು, ನಯವಾದ ದಾರ ಹಿಡಿಯೋ ಬೆರಳು ಕೆಟ್ಟುಹೋದ್ರೆ ನಾಳೆ ಗಿರಣಿ ತೆರೆದಾಗ ನಮಗೆ ಕೆಲಸ ಎಲ್ಲಿ ಅಂತ ಅವರು ಜಗಳ ಆಡಿದ್ರು, ಸರಿಯಾಗೇ ಕೇಳಿದ್ರು. ಹುಡುಗಿಯರಿಗೆ ಹೊಲಿಗೆ ಶಾಲೆ ತೆಗೆದ್ರು, ದಿನಗೂಲಿ ಥರ ಸ್ವಲ್ಪ ದುಡ್ಡೂ ಸಿಗ್ತಿತ್ತು. ಊರಿನ ಆಕಾಶದಲ್ಲಿ ಹೊಗೆ ಕಮ್ಮಿಯಾಗಿತ್ತು, ಆ ಸ್ವಚ್ಛ ಗಾಳಿ ಯಾರಿಗೂ ಬೇಕಿರ್ಲಿಲ್ಲ.

ಇಲ್ಲಿಗೆ ನಮ್ಮ ಕಡೆ ಹತ್ತಿ ಬರುತ್ತೆ. 1862ರಲ್ಲಿ ಬ್ರಿಟನ್‌ಗೆ ಹೋದ ಹತ್ತಿಯಲ್ಲಿ ಬಹುಪಾಲು ಭಾರತದ್ದೇ. ಎಲ್ಲಿ ಬೆಳೆದಿದ್ರೂ ಅದನ್ನ ಅಲ್ಲಿ ಸೂರತ್ ಅಂತಲೇ ಕರೀತಿದ್ರು. ಎಳೆ ಗಿಡ್ಡ, ಹಾಗಾಗಿ ಅಮೆರಿಕನ್ ಹತ್ತಿಗೆ ಸೆಟ್ ಮಾಡಿದ ಮಷೀನಲ್ಲಿ ಹಾಕಿದ್ರೆ ಪಟಪಟ ಅಂತ ಹರಿಯೋದು, ಹರಿದಷ್ಟು ಸಲ ನಿಲ್ಲಿಸಿ ಗಂಟು ಹಾಕ್ಬೇಕು, ಕೂಲಿ ಇದ್ದಿದ್ದು ಎಷ್ಟು ನೇಯ್ದ್ರಿ ಅನ್ನೋದರ ಮೇಲೆ, ಹಾಗಾಗಿ ಇಡೀ ದಿನ ದುಡಿದ್ರೂ ಕೈಗೆ ಬರೋದು ಅರೆಬರೆ. ಅಂಡಿಗೆಗಳಲ್ಲಿ ಕಸ, ಕಾಳು, ಮಣ್ಣು ಬೇರೆ. ದಾರ ಹರೀಬಾರ್ದು ಅಂತ ಗಿರಣಿಯೊಳಗೆ ಹಬೆ ಬಿಟ್ಟು ತೇವ ಇಡ್ತಿದ್ರು, ಗಂಜಿಗೆ ಬಿಳಿ ಜೇಡಿಮಣ್ಣು ಕಲಸಿ ಹಾಕ್ತಿದ್ರು, ಆ ಧೂಳು ನೇಕಾರರ ಎದೆಗೆ ಹೋಗೋದು. ಪ್ರಾರ್ಥನೆ ಸಭೆಯಲ್ಲಿ ದೇವರೇ ಹತ್ತಿ ಕಳ್ಸಪ್ಪಾ ಅಂತ ಬೇಡ್ಕೊಳ್ತಿದ್ದಾಗ ಯಾರೋ ಎದ್ದು ಸೂರತ್ ಮಾತ್ರ ಬೇಡ ಸ್ವಾಮಿ ಅಂದ ಅನ್ನೋ ಕಥೆ ಇವತ್ತೂ ಹೇಳ್ತಾರೆ. ಕಾಕಾಗೆ ಇದು ಬೇಜಾರಾಯ್ತು. "ಹತ್ತಿದ ತಪ್ಪಲ್ಲೋ ಅದು. ಕೈಯಿಂದ ನೂಲೂ ಹತ್ತಿ ಅದು, ಇವರ ಮಷೀನಿಗೆ ಹೊಂದಲಿಲ್ಲ ಅಷ್ಟ" ಅಂದ್ರು. ನನಗೂ ಹಾಗೇ ಅನ್ಸುತ್ತೆ, ಸಾವಿರಾರು ವರ್ಷ ನಮ್ಮ ಬಟ್ಟೆ ಆಗಿದ್ದು ಆ ಗಿಡ್ಡ ಎಳೆಯಿಂದಲೇ.

ಮ್ಯಾಂಚೆಸ್ಟರ್‌ನವರಿಗೆ ಈ ಸಮಸ್ಯೆ ಮುಂಚೆನೇ ಗೊತ್ತಿತ್ತು. 1840ರ ದಶಕದಲ್ಲೇ ಹುಬ್ಬಳ್ಳಿ ಹತ್ರದ ಕುಸುಗಲ್‌ನಲ್ಲಿ ಅಮೆರಿಕಾದ ಬೀಜ ಹಾಕಿ ನೋಡಿದ್ರು, ನಮ್ಮ ಎರೆ ಹೊಲಕ್ಕೆ ಅದು ಒಗ್ಗಿತು, ಧಾರವಾಡ ಅಮೆರಿಕನ್ ಅಂತ ಹೆಸರಾಯ್ತು. ನಾಡ ಹತ್ತಿ ಎತ್ತಿನ ಮೇಲೆ, ಬಂಡಿ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗ್ತಿತ್ತು, ಅದಕ್ಕೇ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತ ಹೆಸರು. 1857ರಲ್ಲಿ ಇಲ್ಲಿ, ಅಮೆರಿಕಾ ಬಿಟ್ಟು ಬೇರೆ ಕಡೆಯಿಂದಲೂ ಹತ್ತಿ ತರಿಸೋಕೆ ಅಂತ ಕಾಟನ್ ಸಪ್ಲೈ ಅಸೋಸಿಯೇಷನ್ ಹುಟ್ಟಿತು, ಆಮೇಲೆ ಮ್ಯಾಂಚೆಸ್ಟರ್ ಕಾಟನ್ ಕಂಪನಿ. ಹತ್ತಿ ಬೆಳೆಯೋ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿ, ಬಂದರು ಇರೋ ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ, ನಡುವೆ ಘಟ್ಟ, ರಸ್ತೆ ಯಾರು ಮಾಡ್ಬೇಕು ಅನ್ನೋದೇ ತಕರಾರು. 1862ರಲ್ಲೇ ಉತ್ತರ ಕನ್ನಡನ ಮದ್ರಾಸ್‌ನಿಂದ ಬಿಡಿಸಿ ಬಾಂಬೆಗೆ ಸೇರಿಸಿದ್ರು. ಅಂದ್ರೆ ಇಲ್ಲಿನ ಗಿರಣಿಗಳಿಗೆ ಹತ್ತಿ ಬೇಕಿದ್ದಕ್ಕೆ ಅಲ್ಲಿ ನಮ್ಮ ಜಿಲ್ಲೆಯ ಗಡಿ ಬದಲಾಯ್ತು, ಇದನ್ನ ನಾನು ಕಾರವಾರಕ್ಕೆ ಹೋದಾಗೆಲ್ಲ ಯೋಚಿಸ್ತೀನಿ. ಕಂಪನಿಯವರು ಮಷೀನು, ಜನ ಎಲ್ಲ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಕಳಿಸಿದ್ರು, ಘಟ್ಟದ ರಸ್ತೆನೇ ತಯಾರಿರ್ಲಿಲ್ಲ, ಅಂದ್ಕೊಂಡಷ್ಟು ಹತ್ತಿ ಇಳೀಲೇ ಇಲ್ಲ, ಕೆಲವೇ ವರ್ಷದಲ್ಲಿ ಕಂಪನಿ ಮುಚ್ಚಿತು. ಯುದ್ಧ ನಡೆಯೋವರೆಗೂ ನಮ್ಮ ಹತ್ತಿಗೆ ಕಂಡು ಕೇಳರಿಯದ ರೇಟು, 1865ರಲ್ಲಿ ಯುದ್ಧ ಮುಗಿದಿದ್ದೇ ತಡ ದಡ್ ಅಂತ ಬಿತ್ತು.

ರೇಟಿನ ಮಾತು ಬಂತಲ್ಲ, ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಹೋಗದೆ ಬರಬೇಡಿ. ಹತ್ತಿ, ನೂಲು, ಬಟ್ಟೆ ವ್ಯಾಪಾರಿಗಳು ಸೇರ್ತಿದ್ದ ಹಾಲು, ಈಗ ಅದರೊಳಗೆ ಗುಂಡಗಿನ ನಾಟಕದ ಥಿಯೇಟರ್ ಇದೆ. 1968ರಲ್ಲಿ ವ್ಯಾಪಾರ ನಿಂತ ಕೊನೇ ದಿನದ ರೇಟ್ ಬೋರ್ಡು ಮೇಲೆ ಹಾಗೇ ಉಳಿಸಿದ್ದಾರೆ. ಕಾಕಾ ಕನ್ನಡಕ ಒರೆಸ್ಕೊಂಡು ಬಹಳ ಹೊತ್ತು ಅದನ್ನೇ ಓದಿದ್ರು.

ಆ ವರ್ಷದ ಕೊನೇ ದಿನ, ಡಿಸೆಂಬರ್ 31, 1862, ಫ್ರೀ ಟ್ರೇಡ್ ಹಾಲಲ್ಲಿ ಒಂದು ಸಭೆ ಆಯ್ತು. ಈಗ ಆ ಕಟ್ಟಡ ಹೋಟೆಲು, ಹೊರಗಿನ ಗೋಡೆ ಮಾತ್ರ ಹಳೇದು. ಅದು ನಿಂತಿರೋ ಜಾಗನೇ ಸೇಂಟ್ ಪೀಟರ್ಸ್ ಮೈದಾನ, 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳೋಕೆ ಬಂದವರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ ಪೀಟರ್‌ಲೂ ಹತ್ಯಾಕಾಂಡ ನಡೆದಿದ್ದು ಅಲ್ಲೇ. ಮರುದಿನ ಅಮೆರಿಕಾದಲ್ಲಿ ಗುಲಾಮರ ವಿಮೋಚನೆಯ ಘೋಷಣೆ ಜಾರಿಗೆ ಬರೋದಿತ್ತು. ದಿಗ್ಬಂಧನ ಮುರಿಯಿರಿ, ನಮಗೆ ಹತ್ತಿ ಬರ್ಲಿ ಅಂತ ಕೇಳೋಕೆ ಇವರಿಗೆ ಎಲ್ಲಾ ಕಾರಣ ಇತ್ತು. ಹಾಗೆ ಕೇಳಿದವರೂ ಇದ್ರು, ಲಿವರ್‌ಪೂಲ್‌ನ ದೊಡ್ಡ ವ್ಯಾಪಾರಿಗಳಲ್ಲಿ ತುಂಬಾ ಜನ ದಕ್ಷಿಣದ ಕಡೆಗಿದ್ರು, ಕೆಲವು ಗಿರಣಿ ಊರುಗಳಲ್ಲೂ ಆ ಭಾವನೆ ಇತ್ತು, ಇದನ್ನ ಮುಚ್ಚಿಟ್ಟು ಕಾರ್ಮಿಕರೆಲ್ಲ ಒಂದೇ ದನಿ ಅಂತ ಬರೆಯೋದು ಸುಳ್ಳಾಗುತ್ತೆ. ಆದ್ರೆ ಆ ರಾತ್ರಿ ಆ ಹಾಲಲ್ಲಿ ಸೇರಿದವರು ಅಮೆರಿಕಾದ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದು ಗುಲಾಮಗಿರಿ ಕೊನೆಗಾಣಿಸಿ, ನಾವು ನಿಮ್ಮ ಜೊತೆಗಿದೀವಿ ಅಂದ್ರು. ಒಲೆ ಆರಿದ ಮನೆಯಿಂದ ಎದ್ದು ಬಂದು, ತಾವು ಕಣ್ಣಲ್ಲೂ ನೋಡದ ಜನರಿಗಾಗಿ ಹಾಗೆ ಹೇಳಿದ್ದು ನನಗೆ ಇಡೀ ಕೈಗಾರಿಕಾ ಕ್ರಾಂತಿಯಲ್ಲೇ ದೊಡ್ಡ ಮಾತು, ಯಾವ ಯಂತ್ರಕ್ಕಿಂತಲೂ ದೊಡ್ಡದು.

ಲಿಂಕನ್ 1863ರ ಜನವರಿ 19ರಂದು ಉತ್ತರ ಬರೆದ್ರು, ಯಾವ ಕಾಲದಲ್ಲೂ ಯಾವ ದೇಶದಲ್ಲೂ ಇದನ್ನ ಮೀರಿಸಿದ ಧೀರತನ ಇಲ್ಲ ಅನ್ನೋ ಅರ್ಥದಲ್ಲಿ. ಬ್ರೇಝನೋಸ್ ಸ್ಟ್ರೀಟ್ ಪಕ್ಕದ ಲಿಂಕನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಇದೆ, ಕೆಳಗೆ ಆ ಪತ್ರದ ಸಾಲುಗಳು. ಜಾರ್ಜ್ ಗ್ರೇ ಬರ್ನಾರ್ಡ್ ಮಾಡಿದ್ದು, 1919ರಲ್ಲಿ ಊರಿಗೆ ಬಂದು ಮೊದಲು ಪ್ಲಾಟ್ ಫೀಲ್ಡ್ಸ್ ಪಾರ್ಕಲ್ಲಿತ್ತು, 1986ರಲ್ಲಿ ಇಲ್ಲಿಗೆ ತಂದ್ರು. ಕೈಗಳು ದೊಡ್ಡವು, ಕೋಟು ಸುಕ್ಕು, ದುಡಿದ ಮನುಷ್ಯನ ಥರ ಮಾಡಿದ್ದಾರೆ, ನನಗೆ ಅದೇ ಇಷ್ಟ ಆಯ್ತು.

ಪತ್ರ ಬಂದ್ರೂ ಹಸಿವು ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಜಾರ್ಜ್ ಗ್ರಿಸ್ವೋಲ್ಡ್ ಹಡಗು ಲಿವರ್‌ಪೂಲ್‌ಗೆ ಹಿಟ್ಟು ತಂತು, ಮಾರ್ಚಲ್ಲಿ ಸ್ಟೇಲಿಬ್ರಿಡ್ಜ್‌ನಲ್ಲಿ ಪರಿಹಾರ ಕಡಿಮೆ ಮಾಡಿ ಕಾಸಿನ ಬದಲು ಚೀಟಿ ಕೊಡ್ತೀವಿ ಅಂದಿದ್ದಕ್ಕೆ ದಂಗೆ ಎದ್ದಿತು, ಆಮೇಲೆ ಸರ್ಕಾರ ಕಾನೂನು ಮಾಡಿ ರಸ್ತೆ, ಚರಂಡಿ, ಪಾರ್ಕು ಕೆಲಸಕ್ಕೆ ಸಾಲ ಕೊಡ್ತು. ಸ್ಟೇಲಿಬ್ರಿಡ್ಜ್ ಮ್ಯಾಂಚೆಸ್ಟರ್‌ನಿಂದ ಟ್ರೇನಲ್ಲಿ ಹತ್ತಿರನೇ, ಈ ಸಲ ಮಳೆ ಬಿಡಲಿಲ್ಲ ಅಂತ ಹೋಗೋಕಾಗ್ಲಿಲ್ಲ, ಕಾಕಾ ಮುಂದಿನ ಬೇಸಿಗೆಗೆ ಮತ್ತೆ ಬರ್ತಾರಂತೆ, ಆಗ ಮೊದಲ ದಿನವೇ ಅಲ್ಲಿಗೆ.