ಮುಳಬಾಗಿಲಿಗೆ ಹೋಗಿ ಬರುವ ದಿನ: ಹೊಟ್ಟೆಗೆ ಎಷ್ಟು, ಕಾಫಿ ಯಾವಾಗ

ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ, ಕೋಲಾರ ದಾಟಿ ಮುಳಬಾಗಿಲು ಮುಟ್ಟಿ ವಾಪಸ್ ಬಂದರೆ ಸೈಕಲ್ ಮೀಟರಿನಲ್ಲಿ ಹತ್ತಿರ ಹತ್ತಿರ 200 ಕಿ.ಮೀ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯ ಲೆಕ್ಕದಲ್ಲಿ ಇಷ್ಟು ದೂರಕ್ಕೆ 13 ಗಂಟೆ 30 ನಿಮಿಷ ಗಡುವು. ಈ ದಾರಿಯಲ್ಲಿ ಸವಾರಿ ಕೈಬಿಟ್ಟು ಟೆಂಪೋಗೆ ಕೈ ಅಡ್ಡ ಹಾಕುವವರು ಸಾಮಾನ್ಯವಾಗಿ ಒಂದೇ ಕಡೆ ಸಿಗುತ್ತಾರೆ: ವಾಪಸ್ ಬರುವಾಗ, ಕೋಲಾರ ಬಿಟ್ಟು ನರಸಾಪುರದ ಕಡೆಗೆ, ಮಧ್ಯಾಹ್ನ ಎರಡರಿಂದ ಮೂರರೊಳಗೆ. ಕಾಲಿಗೆ ಏನೂ ಆಗಿರುವುದಿಲ್ಲ. ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಏನೂ ತಿನ್ನದೆ ಖುಷಿಯಾಗಿ ತುಳಿದದ್ದರ ಸಾಲ ಅಲ್ಲಿ ವಸೂಲಿಗೆ ನಿಂತಿರುತ್ತದೆ.

ಆ ದಿನವನ್ನೇ ಗಂಟೆ ಗಂಟೆಯಾಗಿ ಬಿಚ್ಚಿ ನೋಡೋಣ. ಲೆಕ್ಕಕ್ಕೆ 65 ಕೆಜಿ ತೂಕದ ಸವಾರ, ಗಂಟೆಗೆ 20 ಕಿ.ಮೀ. ವೇಗ ಎಂದಿಟ್ಟುಕೊಳ್ಳಿ. ಗಂಟೆಗೆ 400ರಿಂದ 500 ಕ್ಯಾಲರಿ ಖರ್ಚಾಗುತ್ತದೆ. ತುಳಿಯುವ 10 ಗಂಟೆಗೆ 4500 ಅಂತ ಹಿಡಿಯೋಣ. ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ 80ರಿಂದ 100 ಗ್ರಾಂ. ಗ್ರಾಮಿಗೆ 4 ಕ್ಯಾಲರಿಯಂತೆ ಎಲ್ಲ ಸೇರಿ 2000ದ ಆಸುಪಾಸು. ಉಳಿದದ್ದನ್ನು ಕೊಬ್ಬು ತುಂಬಿಕೊಡಬೇಕು. ತೆಳ್ಳಗಿರುವವರ ಮೈಯಲ್ಲೂ ಕೊಬ್ಬಿಗೆ ಕೊರತೆಯಿಲ್ಲ, ಆದರೆ ಅದು ನಿಧಾನವಾಗಿ ಉರಿಯುವ ಕೊರಡು. ಏರು ಹತ್ತುವಾಗ, ಎದುರುಗಾಳಿಗೆ ತುಳಿಯುವಾಗ ಸ್ನಾಯು ಸಕ್ಕರೆಯನ್ನೇ ಕೇಳುತ್ತದೆ. ಮಿದುಳಂತೂ ರಕ್ತದಲ್ಲಿರುವ ಸಕ್ಕರೆಯನ್ನೇ ನಂಬಿಕೊಂಡಿದೆ. ಅದನ್ನು ಕಾಯುವುದು ಯಕೃತ್ತಿನ ಆ ಸಣ್ಣ ದಾಸ್ತಾನು. ಆರು ಗಂಟೆ ಮಲಗಿ ಎದ್ದರೆ ಸ್ನಾಯುವಿನ ಗ್ಲೈಕೋಜನ್ ಹಾಗೇ ಇರುತ್ತದೆ, ಯಕೃತ್ತಿನದು ಮಾತ್ರ ಗಣನೀಯವಾಗಿ ಕರಗಿರುತ್ತದೆ. ಬೆಳಗಿನ ಜಾವದ ತಿಂಡಿ ಅದನ್ನು ತುಂಬುವುದಕ್ಕೆ.

ಆರಕ್ಕೆ ಹೊರಡುವುದಾದರೆ ನಾಲ್ಕಕ್ಕೆ ಎದ್ದು ನಾಲ್ಕೂಕಾಲಕ್ಕೆ ತಿನ್ನಬೇಕು. ದೇಹತೂಕದ ಕೆಜಿಗೆ 1 ಗ್ರಾಂನಂತೆ ಪಿಷ್ಟ ಸಾಕು. 60 ಗ್ರಾಂ ಒಣ ಅವಲಕ್ಕಿ ನೆನೆಸಿ ಮೊಸರು ಕಲಸಿದರೆ 45 ಗ್ರಾಂ ಆಯಿತು, ಜೊತೆಗೆ ಎರಡು ಏಲಕ್ಕಿ ಬಾಳೆ. ಕಡಲೆಬೀಜದ ಒಗ್ಗರಣೆ ಧಾರಾಳವಾಗಿರುವ ಚಿತ್ರಾನ್ನ, ಸೊಪ್ಪು, ಮೊಳಕೆ ಕಾಳು ಆ ಹೊತ್ತಿಗೆ ಬೇಡ. ಎಣ್ಣೆಯೂ ನಾರೂ ಜಠರ ಖಾಲಿಯಾಗುವುದನ್ನು ತಡಮಾಡುತ್ತವೆ, ತಗ್ಗಿ ಕೂತು ತುಳಿಯುವಾಗ ಅದು ಎದೆಗೆ ಒತ್ತುತ್ತದೆ. ಹಿಂದಿನ ರಾತ್ರಿಯ ಊಟವೂ ಅನ್ನ ಸಾರು, ಅನ್ನ ಮಜ್ಜಿಗೆಯಂತೆ ಸರಳವಾಗಿರಲಿ. ‘ನಾಳೆಗೆ ಬೇಕಾಗುತ್ತದೆ’ ಎಂದು ಎರಡು ಪಟ್ಟು ತಿಂದರೆ ನಿದ್ದೆಯೂ ಹೋಗುತ್ತದೆ, ಬೆಳಿಗ್ಗೆ ತಿನ್ನುವ ಮನಸ್ಸೂ ಹೋಗುತ್ತದೆ.

ಈ ಹೊತ್ತಿನಲ್ಲಿ ದಿನಾ ಕುಡಿಯುವವರು ಒಂದು ಲೋಟ ಕಾಫಿ ಕುಡಿಯಲಿ, ತಿಂಡಿಯ ಮೇಲೆ. ಕಾಫಿ ದೊಡ್ಡ ಕರುಳನ್ನು ಚುರುಕು ಮಾಡುತ್ತದೆ, ಹೆದ್ದಾರಿ ಸೇರುವ ಮುಂಚೆ ಮನೆಯಲ್ಲೇ ಆ ಕೆಲಸ ಮುಗಿಯುವುದು ದೊಡ್ಡ ಅನುಕೂಲ. ಮಹಿಳಾ ಸವಾರರಿಗೆ ಇದು ಇನ್ನೂ ಮುಖ್ಯ, ದಾರಿಯಲ್ಲಿ ಶುಚಿಯಾದ ಶೌಚಾಲಯ ಹುಡುಕುವ ಕಷ್ಟ ಅವರಿಗೇ ಗೊತ್ತು. ನೀರು ಕಡಿಮೆ ಕುಡಿದು ಆ ಕಷ್ಟ ತಪ್ಪಿಸಿಕೊಳ್ಳುವುದನ್ನು ಮಾತ್ರ ಮಾಡಬೇಡಿ.

ಬಾಟಲಿಗಳು ಎರಡು. 750 ಮಿಲಿಯ ಒಂದರಲ್ಲಿ ಮೂರು ದೊಡ್ಡ ಚಮಚ ಸಕ್ಕರೆ, ಅಂದರೆ ಸುಮಾರು 40 ಗ್ರಾಂ, ಕಾಲು ಟೀ ಚಮಚ ಉಪ್ಪು, ಅಂದರೆ ಒಂದೂವರೆ ಗ್ರಾಂ, ಅರ್ಧ ನಿಂಬೆಹಣ್ಣು. ಇದು ಐದೂವರೆ ಪರ್ಸೆಂಟಿನಷ್ಟು ಸಿಹಿ. ಎಂಟು ಪರ್ಸೆಂಟ್ ದಾಟಿದರೆ ಹೊಟ್ಟೆಯಲ್ಲೇ ನಿಂತು ಗುಳುಗುಳು ಅನ್ನುತ್ತದೆ. ಇನ್ನೊಂದು ಬಾಟಲಿಯಲ್ಲಿ ಬರೀ ನೀರು: ಚಿಕ್ಕಿ ತಿಂದಾಗ ಕುಡಿಯುವುದಕ್ಕೆ, ಬಿಸಿಲೇರಿದಾಗ ಕತ್ತಿಗೆ ಸುರಿದುಕೊಳ್ಳುವುದಕ್ಕೆ. ದುಬಾರಿ ಪುಡಿಗಳಲ್ಲಿ ಇರುವುದೂ ಬಹುಪಾಲು ಇದೇ. ಬರೀ ಗ್ಲುಕೋಸ್ ಆದರೆ ಕರುಳು ಗಂಟೆಗೆ 60 ಗ್ರಾಂವರೆಗೆ ಮಾತ್ರ ಹೀರಿಕೊಳ್ಳಬಲ್ಲದು. ಫ್ರುಕ್ಟೋಸಿಗೆ ಬೇರೆ ಬಾಗಿಲಿದೆ. ಸಕ್ಕರೆ, ಬೆಲ್ಲ ಎರಡರಲ್ಲೂ ಗ್ಲುಕೋಸ್ ಮತ್ತು ಫ್ರುಕ್ಟೋಸ್ ಜೋಡಿಯಾಗಿ ಇರುವುದರಿಂದ ಎರಡು ಬಾಗಿಲಿಂದಲೂ ಒಳಗೆ ಹೋಗುತ್ತವೆ. ಅಭ್ಯಾಸ ಮಾಡಿದ ಹೊಟ್ಟೆ ಹೀಗೆ 90 ಗ್ರಾಂವರೆಗೂ ತಡೆದುಕೊಳ್ಳುತ್ತದೆ, ಆದರೆ ನಮ್ಮ ವೇಗಕ್ಕೆ ಅಷ್ಟು ಬೇಡ. ಸಕ್ಕರೆ, ಪಿಷ್ಟ ಎಲ್ಲ ಸೇರಿ ಗಂಟೆಗೆ 45ರಿಂದ 60 ಗ್ರಾಂ ನಮ್ಮ ಗುರಿ.

ಈ ಗುರಿಯನ್ನು ಹಸಿವಿನ ಕೈಗೆ ಕೊಡಬೇಡಿ. ವಾಚಿಗೆ ಕೊಡಿ. ಹೊರಟ 30ನೇ ನಿಮಿಷಕ್ಕೆ ಮೊದಲ ಅಲಾರಂ, ಆಮೇಲೆ ಪ್ರತಿ 30 ನಿಮಿಷಕ್ಕೆ ಒಂದು. ಒಂದು ಅಲಾರಮ್ಮಿಗೆ ಒಂದು ಏಲಕ್ಕಿ ಬಾಳೆ (12ರಿಂದ 15 ಗ್ರಾಂ), ಇಲ್ಲವೇ ಒಂದು ಕಡಲೆ ಚಿಕ್ಕಿ (25 ಗ್ರಾಂ ತುಂಡಿನಲ್ಲಿ 12 ಗ್ರಾಂ), ಇಲ್ಲವೇ ಎರಡು ಖರ್ಜೂರ, ಜೊತೆಗೆ ನಾಲ್ಕೈದು ಗುಟುಕು ಸಿಹಿನೀರು. ತಂಪು ಗಾಳಿ, ಜೊತೆಗಾರರ ಮಾತು, ಮುಳಬಾಗಿಲ ಕಡೆಗೆ ಒಟ್ಟಾರೆ ಇಳಿಜಾರು: ಮೊದಲ ಎರಡು ಗಂಟೆ ಯಾರಿಗೂ ಹಸಿವಾಗುವುದಿಲ್ಲ. ತಪ್ಪುವುದು ಅಲ್ಲೇ. ಹೊಸಕೋಟೆಯಲ್ಲಿ ಬೆಳ್ಳಂಬೆಳಗ್ಗೆ ದಮ್ ಬಿರಿಯಾನಿಗೆ ಸಾಲು ನಿಂತಿರುತ್ತದೆ. ಅದನ್ನು ಸೈಕಲ್ ಹತ್ತದ ಭಾನುವಾರಕ್ಕೆ ಇಟ್ಟುಕೊಳ್ಳಿ. ಆ ಕೊಬ್ಬು ಮತ್ತು ಮಾಂಸ ಮೂರು ನಾಲ್ಕು ಗಂಟೆ ಹೊಟ್ಟೆ ಬಿಟ್ಟು ಕದಲುವುದಿಲ್ಲ.

ನರಸಾಪುರದ ಆಸುಪಾಸು ಎಂಟೂವರೆಗೆ ಇಡ್ಲಿ. ಮೂರು ಇಡ್ಲಿ, ಚಟ್ನಿ ಸ್ವಲ್ಪ, ಸಾಂಬಾರ್ ಧಾರಾಳ. ಸಾಂಬಾರಿನ ಉಪ್ಪು ಕೆಲಸಕ್ಕೆ ಬರುತ್ತದೆ. ವಡೆ ಬೇಡ. ಹದಿನೈದು ನಿಮಿಷದಲ್ಲಿ ಏಳಬೇಕು.

ಹತ್ತರ ನಂತರ ಬಿಸಿಲಿನ ಪಾಠ ಶುರು. ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುತ್ತದೆ, ಅದರ ಜೊತೆ ಸೋಡಿಯಂ. ಎಷ್ಟು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಜೆರ್ಸಿಯ ಮೇಲೆ, ಹೆಲ್ಮೆಟ್ ಪಟ್ಟಿಯ ಮೇಲೆ ಬಿಳಿ ಗೆರೆ ಬರೆದಂತೆ ಒಣಗುವವರು ಉಪ್ಪು ಹೆಚ್ಚು ಕಳೆದುಕೊಳ್ಳುವವರು. ಇವರು ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು ಕಾಣಿಸಿಕೊಳ್ಳುತ್ತದೆ. ನೋಡುವವರು ‘ನೀರು ಸಾಲದಾಯ್ತು’ ಅಂತ ಇನ್ನೂ ನೀರು ಕುಡಿಸುತ್ತಾರೆ. ಅಪಾಯ ಹೆಚ್ಚುವುದೇ ಹಾಗೆ. ಮಾತು ತೊದಲಿದರೆ, ದಿಕ್ಕು ತಪ್ಪಿದರೆ ತಡಮಾಡದೆ ಆಸ್ಪತ್ರೆ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ನಿಂಬೆ ಸೋಡಾ ಈ ದಾರಿಯಲ್ಲಿ ಎಲ್ಲೆಡೆ ಸಿಗುತ್ತವೆ, ಅವೇ ಮೊದಲ ಆಯ್ಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಉದುರಿಸಿಕೊಂಡು ಕುಡಿಯಿರಿ.

ಓಆರ್‌ಎಸ್ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್ ಇರುತ್ತದೆ. ಉಪ್ಪಿಗೆ ಇದು ಬಹಳ ಒಳ್ಳೆಯದು, ಶಕ್ತಿಗೆ ಏನೇನೂ ಸಾಲದು. ಓಆರ್‌ಎಸ್ ಕುಡಿಯುತ್ತಿದ್ದೇನೆ ಎಂಬ ಧೈರ್ಯದಲ್ಲಿ ತಿನ್ನುವುದನ್ನು ಬಿಟ್ಟವರು 120 ಕಿ.ಮೀ.ಗೆ ಸುಸ್ತಾಗುತ್ತಾರೆ. ಅದೇ ಹೆಸರು ಹೊತ್ತು ಡಬ್ಬಿಯಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳ ಕಥೆ ಬೇರೆ. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಮೆಡಿಕಲ್ ಶಾಪಿನಲ್ಲಿ ಪುಡಿಯ ಪೊಟ್ಟಣ ಕೇಳಿ, ಹಿಂದಿರುವ ಸೂತ್ರ ಓದಿ.

ಮುಳಬಾಗಿಲಿಗೆ ಹನ್ನೊಂದೂವರೆಗೆ ತಲುಪಿದರೆ ಸರಿಯಾದ ವೇಳೆ. ಬ್ರೆವೆಯಲ್ಲಿ 100 ಕಿ.ಮೀ. ಕಂಟ್ರೋಲ್ (ಹಾಜರಿ ಹಾಕಿಸಬೇಕಾದ ತಾಣ) ಮುಚ್ಚುವುದು ಹೊರಟ 6 ಗಂಟೆ 40 ನಿಮಿಷಕ್ಕೆ, ಅಂದರೆ ನಮ್ಮ ಲೆಕ್ಕದಲ್ಲಿ 12.40ಕ್ಕೆ. ಈ ಊರಿಗೆ ಬಂದು ದೋಸೆ ತಿನ್ನಬೇಡಿ ಅನ್ನುವ ಮನಸ್ಸು ನಮಗಿಲ್ಲ. ದಪ್ಪನೆಯ, ಹೊರಗೆ ಗರಿಗರಿ ಒಳಗೆ ಮೆತ್ತಗಿನ ಆ ದೋಸೆ ಪಿಷ್ಟದ ಮಟ್ಟಿಗೆ ಒಳ್ಳೆಯ ಆಹಾರವೇ. ತುಪ್ಪ ಕಡಿಮೆ ಹಾಕಲು ಹೇಳಿ, ಒಂದಕ್ಕೆ ನಿಲ್ಲಿಸಿ, ಆಮೇಲೆ ಮೊಸರನ್ನ ಸ್ವಲ್ಪ. ಬೆಳಗಿನಿಂದ ಸಿಹಿ ತಿಂದು ನಾಲಗೆ ಬೇಸತ್ತಿರುತ್ತದೆ, ಉಪ್ಪಿನಕಾಯಿಯ ಜೊತೆ ಮೊಸರನ್ನ ಇಳಿದಷ್ಟು ಸಲೀಸಾಗಿ ಇನ್ನೇನೂ ಇಳಿಯುವುದಿಲ್ಲ. ತಿಂದ ಮೇಲಿನ ಅರ್ಧ ಗಂಟೆ ಹಗುರ ಗೇರಿನಲ್ಲಿ ತುಳಿಯಿರಿ. ಬಿಸಿಲಿನಲ್ಲಿ ದೇಹ ತಂಪಾಗಲು ರಕ್ತ ಚರ್ಮದ ಕಡೆ ಓಡುತ್ತದೆ, ಕಾಲೂ ಕೇಳುತ್ತದೆ, ಜೀರ್ಣಕ್ಕೆ ಉಳಿಯುವುದು ಸ್ವಲ್ಪವೇ. ತಿಂದ ಕೂಡಲೇ ಜೋರು ಮಾಡಿದರೆ ವಾಂತಿಯಾಗುವುದು ಇದರಿಂದ.

ಈಗ ಕಾಫಿಯ ಹೊತ್ತು.

ಇಡೀ ದಿನ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ, ಸುಸ್ತು ಮತ್ತು ನಿದ್ದೆಯ ಸುದ್ದಿ ತಲುಪಿಸುವುದು ಅದರ ಕೆಲಸ. ಕೆಫೀನ್ ಅದರ ಜಾಗದಲ್ಲಿ ಕೂತು ಸುದ್ದಿಯನ್ನು ತಡೆಯುತ್ತದೆ. ಅದೇ ಶ್ರಮ ಹಗುರವೆನಿಸುತ್ತದೆ. ಶಕ್ತಿ ಒಂದು ಕ್ಯಾಲರಿಯೂ ಸೇರಿರುವುದಿಲ್ಲ. ಕುಡಿದ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ತುದಿ ಮುಟ್ಟುತ್ತದೆ, ಅರ್ಧ ಇಳಿಯಲು ಸರಾಸರಿ ಐದು ಗಂಟೆ. ಕ್ರೀಡಾ ಅಧ್ಯಯನಗಳು ಬಳಸುವ ಪ್ರಮಾಣ ಕೆಜಿಗೆ 3ರಿಂದ 6 ಮಿಲಿಗ್ರಾಂ. ಅದು ಒಂದೆರಡು ಗಂಟೆಯ ಸ್ಪರ್ಧೆಗೆ ಸರಿ. ಹತ್ತು ಗಂಟೆಯ ದಿನಕ್ಕೆ ಒಂದೇ ಸಲ 300 ಮಿಲಿಗ್ರಾಂ ಹಾಕಿದರೆ ಎದೆಬಡಿತ, ಕೈನಡುಕ, ಹೊಟ್ಟೆ ಕೆಡುವುದು. ದ್ವಿತೀಯಾರ್ಧದಲ್ಲಿ ಕೆಜಿಗೆ 1ರಿಂದ 1.5ರಂತೆ, ಅಂದರೆ 65ರಿಂದ 100 ಮಿಲಿಗ್ರಾಂ, ಎರಡು ಸಲ ತೆಗೆದುಕೊಳ್ಳುವುದೇ ಸರಿಯೆಂದು ನಮ್ಮ ತೀರ್ಮಾನ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಒಂದು ಸಲಕ್ಕೆ 200 ಮಿಲಿಗ್ರಾಂ ಸುರಕ್ಷಿತ ಮಿತಿಯೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಗರ್ಭಿಣಿಯರಿಗೆ ದಿನಕ್ಕೆ 200. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಕೆಫೀನ್ ಇಳಿಯುವ ಸಮಯ ಸುಮಾರು ಇಮ್ಮಡಿಯಾಗುತ್ತದೆ, ಎರಡನೇ ಪಾಲನ್ನು ಅವರು ಬಿಡಬಹುದು. ಎದೆಬಡಿತದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ನಮ್ಮ ಫಿಲ್ಟರ್ ಕಾಫಿಯಲ್ಲಿ ಎಷ್ಟಿದೆ ಅನ್ನುವುದು ಕಷ್ಟದ ಪ್ರಶ್ನೆ. ರೊಬಸ್ಟಾದಲ್ಲಿ ಅರೇಬಿಕಾದ ಎರಡರಷ್ಟು ಕೆಫೀನ್. ಚಿಕೋರಿಯಲ್ಲಿ ಸೊನ್ನೆ, ಅದು ಪುಡಿಯ ಅರ್ಧದಷ್ಟು ಇದ್ದರೂ ಇರಬಹುದು. ಡಿಕಾಕ್ಷನ್ ಮೊದಲ ಇಳಿತದ್ದೋ ಎರಡನೆಯದೋ, ಲೋಟದಲ್ಲಿ ಹಾಲೆಷ್ಟೋ. ಹಾಗಾಗಿ ಹೋಟೆಲ್ ಕಾಫಿ 50 ಮಿಲಿಗ್ರಾಂ ಕೊಡಬಹುದು, 100ನ್ನೂ ಕೊಡಬಹುದು. ಲೆಕ್ಕ ಬೇಕೆನ್ನುವವರು ಇನ್‌ಸ್ಟಂಟ್ ಪುಡಿಯ ಸಣ್ಣ ಪೊಟ್ಟಣ ಜೇಬಿನಲ್ಲಿಡಲಿ: ಚಿಕೋರಿ ಬೆರೆಸದ 2 ಗ್ರಾಂ ಪುಡಿಗೆ ಸುಮಾರು 60 ಮಿಲಿಗ್ರಾಂ, ಅರ್ಧ ಲೋಟ ನೀರು ಸಾಕು. ಕೋಲಾ 300 ಮಿಲಿಯಲ್ಲಿ 30 ಮಿಲಿಗ್ರಾಂ ಕೆಫೀನ್, ಜೊತೆಗೆ 30 ಗ್ರಾಂ ದಾಟಿದ ಸಕ್ಕರೆ. ಬಾಟಲಿ ಕುಲುಕಿ ಗ್ಯಾಸ್ ಬಿಟ್ಟು ಕುಡಿದರೆ ಕೊನೆಯ 50 ಕಿ.ಮೀ.ಗೆ ಇದಕ್ಕಿಂತ ಸುಲಭದ ಮದ್ದಿಲ್ಲ. ಕಾಫಿ ಕುಡಿದರೆ ನೀರೆಲ್ಲ ಮೂತ್ರವಾಗಿ ಹೋಗುತ್ತದೆ ಎಂಬ ಭಯ ಬೇಡ, ದಿನಾ ಕುಡಿಯುವವರಲ್ಲಿ ಈ ಪ್ರಮಾಣಕ್ಕೆ ಹಾಗಾಗುವುದಿಲ್ಲ. ಸವಾರಿಗೆ ಮುಂಚೆ ವಾರಗಟ್ಟಲೆ ಕಾಫಿ ಬಿಟ್ಟು ತಲೆನೋವು ಅನುಭವಿಸುವ ಅಗತ್ಯವೂ ಇಲ್ಲ. ಇದು ನಿಷೇಧಿತ ಮದ್ದೂ ಅಲ್ಲ. 2004ರಲ್ಲೇ ಉದ್ದೀಪನ ಮದ್ದಿನ ಪಟ್ಟಿಯಿಂದ ಹೊರಬಂದಿದೆ.

ಹಾಗಾದರೆ ಯಾವಾಗ? ಮೊದಲ ಪಾಲು ಮುಳಬಾಗಿಲಿನಿಂದ ಹೊರಡುವಾಗ, ಹನ್ನೆರಡರ ಸುಮಾರಿಗೆ. ಕೋಲಾರ ದಾಟುವಷ್ಟರಲ್ಲಿ ಅದು ಪೂರ್ತಿ ಕೆಲಸಕ್ಕೆ ಬಂದಿರುತ್ತದೆ. ವಾಪಸ್ ದಾರಿ ಒಟ್ಟಾರೆ ಏರು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಎದೆಗೇ ಬಡಿಯುತ್ತದೆ. ಎರಡನೆಯ ಪಾಲು ಮೂರು ಗಂಟೆಗೆ, ಜೊತೆಗೆ ಒಂದು ಕೋಲಾ ಇದ್ದರೆ ಇನ್ನೂ ಒಳ್ಳೆಯದು. ಅದರಾಚೆ ಬೇಡ. ಐದಕ್ಕೆ 150 ಮಿಲಿಗ್ರಾಂ ಕುಡಿದರೆ ರಾತ್ರಿ ಹತ್ತಕ್ಕೂ ಅದರ ಅರ್ಧ ಒಳಗಿರುತ್ತದೆ, ಮೈ ಸೋತಿದ್ದರೂ ನಿದ್ದೆ ಬರುವುದಿಲ್ಲ. ರಾತ್ರಿಯೆಲ್ಲ ತುಳಿಯುವ 400, 600ರ ಬ್ರೆವೆಗಳಲ್ಲಿ ಲೆಕ್ಕ ತಿರುಗುಮುರುಗು: ಹಗಲಿಡೀ ಕೆಫೀನ್ ಉಳಿಸಿ, ನಡುರಾತ್ರಿ ಕುಡಿದು, ಕೂಡಲೇ 15ರಿಂದ 20 ನಿಮಿಷ ಮಲಗಿಬಿಡಿ. ಅದು ಏರುವ ಹೊತ್ತಿಗೆ ಎದ್ದರೆ ನಿದ್ದೆಯೂ ಕಾಫಿಯೂ ಎರಡೂ ಸೇರಿ ಕೆಲಸ ಮಾಡುತ್ತವೆ.

ನರಸಾಪುರದ ಆ ಹೊತ್ತಿಗೆ ಮತ್ತೆ ಬರೋಣ. ಆಕಳಿಕೆ, ಸಿಡುಕು, ಬಿಸಿಲಿನಲ್ಲೂ ಸಣ್ಣ ಚಳಿ, ಕಿಲೋಮೀಟರ್ ಕಲ್ಲು ಓದಿದರೂ ತಲೆಗೆ ಹೋಗದಿರುವುದು: ಇದು ನಿದ್ದೆಯಂತೆ ಕಾಣುತ್ತದೆ, ಎಲ್ಲರೂ ಕಾಫಿ ಕೇಳುತ್ತಾರೆ. ಬಹುತೇಕ ಸಲ ಅದು ರಕ್ತದ ಸಕ್ಕರೆ ಕುಸಿದದ್ದು, ನಮ್ಮವರು ‘ಬಾಂಕ್ ಆಯ್ತು’ ಅನ್ನುವ ಸ್ಥಿತಿ. ಆಗ ಕಾಫಿ ಕುಡಿದರೆ ಸೂಚನೆ ಮುಚ್ಚಿಹೋಗುತ್ತದೆ, ಕಾರಣ ಉಳಿಯುತ್ತದೆ, ಲಾರಿಗಳ ನಡುವೆ ಗಮನ ತಪ್ಪುತ್ತದೆ. ಸೈಕಲ್ ಇಳಿದು ನೆರಳಲ್ಲಿ ಕೂರಿ. 40 ಗ್ರಾಂ ಸಕ್ಕರೆ ದ್ರವರೂಪದಲ್ಲಿ ಬೇಗ ಹೋಗಲಿ: ಕಬ್ಬಿನ ಹಾಲು, ಸಕ್ಕರೆ ಧಾರಾಳವಾದ ನಿಂಬೆ ಶರಬತ್ತು, ಏನು ಸಿಕ್ಕರೆ ಅದು. ಹದಿನೈದರಿಂದ ಇಪ್ಪತ್ತು ನಿಮಿಷ ಕಾಯಿರಿ. ತಲೆ ತಿಳಿಯಾದರೆ ಒಂದು ಬನ್, ಎರಡು ಬಾಳೆಹಣ್ಣು ತಿಂದು ಹೊರಡಿ. ಸಕ್ಕರೆಯ ನಂತರವೂ ಕಣ್ಣು ಎಳೆಯುತ್ತಿದ್ದರೆ ಮಾತ್ರ ಅದು ನಿಜವಾದ ನಿದ್ದೆ, ಆಗ ಕಾಫಿ. ಮಂಡಿ ನೋವಿಗೆಂದು ಇಬುಪ್ರೊಫೆನ್ ನುಂಗುವ ಚಾಳಿಯನ್ನೂ ಇಲ್ಲಿ ನೋಡುತ್ತೇವೆ. ನೀರು ಕಳೆದುಕೊಂಡ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು, ಸೀಟಿನ ಎತ್ತರ ಸರಿಮಾಡಿಕೊಳ್ಳಿ.

ಮುಗಿಸಿದ ಮೇಲೆ ಒಂದು ಗಂಟೆಯೊಳಗೆ ಅನ್ನ, ಜೊತೆಗೆ 20ರಿಂದ 25 ಗ್ರಾಂ ಪ್ರೋಟೀನ್: ಮೂರು ನಾಲ್ಕು ಮೊಟ್ಟೆ, ಇಲ್ಲವೇ 120 ಗ್ರಾಂ ಪನೀರ್. ಕಾರು ಓಡಿಸಿಕೊಂಡು ಮನೆಗೆ ಹೋಗುವವರು ದಯವಿಟ್ಟು ಮೊದಲು ಅರ್ಧ ಗಂಟೆ ಮಲಗಿ. ಮರುದಿನ ಜೆರ್ಸಿ ಒಗೆಯುವ ಮುಂಚೆ ಜೇಬಿನಲ್ಲಿ ಉಳಿದದ್ದನ್ನು ಎಣಿಸಿ. ಎಂಟು ಚಿಕ್ಕಿ ಒಯ್ದು ಐದು ವಾಪಸ್ ಬಂದಿದ್ದರೆ, ಯಾವ ಅಲಾರಂ ಕೇಳಿಯೂ ಕೈ ಜೇಬಿಗೆ ಹೋಗಲಿಲ್ಲ ಎಂದು ನೆನಪಿರುವಾಗಲೇ ಬರೆದಿಡಿ.